ಚಂಬೂರೊ ಹಳ್ಳದ ಬಿಳಿ ಹೂವು, ಗಾಜಿನ ಕಪ್ಪೆ

ಕ್ವಿಟೊ
ನವೆಂಬರ್ 9, 1993

ಪ್ರೀತಿಯ ಲಾಸ್ತೇನಿಯಾ ಅತ್ತಿಗೆ,

ಸತ್ತವರ ಹಬ್ಬಕ್ಕೆ ಈ ವರ್ಷವೂ ಊರಿಗೆ ಬರಲಾಗಲಿಲ್ಲ. ಅಪ್ಪ ಅಮ್ಮನ ಸಮಾಧಿಯ ಮೇಲಿನ ಹುಲ್ಲನ್ನು ನೆಕ್ತಾರಿಯೊ ಅಣ್ಣ ಕಿತ್ತಿರುತ್ತಾನೆ. ನೀವು ನೇರಳೆ ಗಂಜಿ ಕಾಯಿಸಿ ಹಾಲಿನ ಲಾರಿಯ ದೊನ್ ಎಫ್ರಾಯಿನ್‌ಗೂ ಒಂದು ಚೊಂಬು ಕೊಟ್ಟಿರುತ್ತೀರಿ. ನಾನಿಲ್ಲಿ ಹಬ್ಬದ ಗೊಂಬೆ ಬ್ರೆಡ್ಡನ್ನು ಚಿತ್ರದ ಮೇಜಿನ ಮೇಲೇ ಇಟ್ಟುಕೊಂಡು ತಿಂದೆ. ಸಕ್ಕರೆ ಉದುರಿ, ಬಿಡಿಸಿದ್ದ ಎಲೆಯೊಂದು ಹಾಳಾಯಿತು.

ಈಗ ಕೈಯಲ್ಲಿರುವ ಕೆಲಸದ ವಿಷಯ. ಒಂದೇ ಜಾಗದ ಒಂದು ಗಿಡ, ಒಂದು ಪ್ರಾಣಿ, ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸುವ ಚಿತ್ರ ಬೇಕೆಂದು ವಸ್ತುಸಂಗ್ರಹಾಲಯದವರು ಕೇಳಿದ್ದಾರೆ. ಬೇರೆಯವರೆಲ್ಲ ಬಣ್ಣದ ಹಕ್ಕಿ, ಕೆಂಪು ಹೂವು ಎಂದು ಆರಿಸಿಕೊಂಡರು. ನಾನು ನಮ್ಮ ಚಂಬೂರೊ ಹಳ್ಳದ ಎರಡನ್ನು ಆರಿಸಿಕೊಂಡೆ: ಸತ್ತವರ ಮೇಣದಬತ್ತಿ ಹೂವು ಮತ್ತು ಗಾಜಿನ ಕಪ್ಪೆ. ನಮ್ಮ ಮುಖ್ಯಸ್ಥರು ನಕ್ಕು, "ಹೂವಿಗೂ ಕಪ್ಪೆಗೂ ಎಲ್ಲಿಯ ನೆಂಟಸ್ತನ?" ಎಂದರು. "ಎರಡಕ್ಕೂ ಇರಬೇಕಾದ್ದು ಇಲ್ಲ ಸಾರ್. ಗಿಡಕ್ಕೆ ಹಸಿರಿಲ್ಲ, ಕಪ್ಪೆ ಹೊಟ್ಟೆಗೆ ಮರೆಯಿಲ್ಲ, ಒಳಗಿನದೆಲ್ಲ ಕಾಣುತ್ತದೆ" ಎಂದೆ. ಒಪ್ಪಿಕೊಂಡರು.

ತೊಂದರೆ ಏನೆಂದರೆ, ಇಲ್ಲಿನ ಬೀರುವಿನಲ್ಲಿರುವ ಹೂವು ಒಣಗಿ ಇದ್ದಿಲಿನ ಹಾಗಾಗಿದೆ. ಸೀಸೆಯಲ್ಲಿರುವ ಕಪ್ಪೆ ಬೇಯಿಸಿದ ಮೊಟ್ಟೆಯಂತೆ ಬೆಳ್ಳಗಾಗಿದೆ. ಬದುಕಿರುವಾಗ ಹೇಗಿರುತ್ತವೆ ಎಂದು ಸತ್ತವು ಹೇಳುತ್ತವೆಯೇ. ಅದಕ್ಕೇ ನನಗೆ ಅಣ್ಣನ ಕಣ್ಣು ಬೇಕು. ಮಳೆ ಹಿಡಿದ ಮೇಲೆ ಎರಡನ್ನೂ ನೋಡಿ ಹೇಳಲಿ: ಹೂವಿನ ಬಿಳುಪು ಹಾಲಿನದೋ ಮೇಣದ್ದೋ, ಕಪ್ಪೆ ನಿದ್ದೆಯಲ್ಲಿರುವಾಗ ಬಣ್ಣ ಹೇಗೆ, ಎಚ್ಚರವಾದಾಗ ಹೇಗೆ. ಅವನು ಹೇಳಿದ್ದನ್ನು ನೀವು ಬರೆದು ಕಳಿಸಿ.

ಅವನು ಏನು ಕೇಳುತ್ತಾನೆಂದು ಗೊತ್ತು. ನಾನು ಚಿಕ್ಕವಳಿದ್ದಾಗ ಆರ್ಕಿಡ್ ಹುಡುಕಿಕೊಂಡು ಬಂದವರು ಎದುರಿನ ಗುಡ್ಡವನ್ನು ಬೋಳಿಸಿಕೊಂಡು ಹೋದದ್ದು ನನಗೂ ನೆನಪಿದೆ. ಚಿತ್ರದ ಕೆಳಗೆ ಹಳ್ಳದ ಹೆಸರಾಗಲಿ ಊರಿನ ಹೆಸರಾಗಲಿ ಇರುವುದಿಲ್ಲ. ಅಣ್ಣನಿಗೆ ನಾನು ಮಾತು ಕೊಟ್ಟಿದ್ದೇನೆಂದು ಹೇಳಿ.

ನಿಮ್ಮ
ಎಲೊದಿಯಾ

*

ಎಲ್ ಗ್ವಾರುಮೊ
ಡಿಸೆಂಬರ್ 12, 1993

ಪ್ರೀತಿಯ ಎಲೊದಿಯಾ,

ನಿನ್ನ ಕಾಗದ ಬಂದಾಗ ಇನ್ನೂ ಒಣ ಹವೆ. ಈಗ ಮಳೆ ಹಿಡಿದಿದೆ, ಅದಕ್ಕೇ ಉತ್ತರ ತಡ. ನಿಮ್ಮಣ್ಣ ಕಾಳು ಸುಲಿಯುತ್ತ ಹೇಳಿದರು, ನಾನು ಬರೆದುಕೊಂಡೆ. ಅವರ ಮಾತಿನಲ್ಲೇ ಕೊಡುತ್ತೇನೆ.

"ಹೂವು ಸುಲಭ ಅಂತ ಬರಿ. ಎಷ್ಟೇ ಮಬ್ಬಿರ್ಲಿ, ಅದೊಂದು ಬೆಳ್ಳಗೆ ನಿಂತಿರತ್ತೆ. ಕೊಳೆತ ಎಲೆ ಒಳಗಿಂದ ತಲೆ ತಗ್ಗಿಸ್ಕೊಂಡು ಏಳತ್ತೆ. ಮೇಣದ ಬಿಳುಪು, ಹಾಲಿಂದಲ್ಲ. ಅದಕ್ಕೆ ಸ್ವಂತ ಒಲೆ ಇಲ್ಲ ನೋಡು, ಪಕ್ಕದ ಮರದ ಬೇರಲ್ಲಿ ಬೇಯಿಸಿದ್ದನ್ನ ಕದ್ದು ತಿನ್ನತ್ತೆ. ಕಪ್ಪೆ ಹಂಗಲ್ಲ. ಕಪ್ಪೇನ ಕಣ್ಣಲ್ಲಿ ಹುಡುಕೋನು ದಡ್ಡ. ಅದು ಕಿವೀಗೆ ಸಿಗೋದು. ಕೆಳಗಿನ ಮಡುವಿಂದು ಒಂದೇ ಸಿಳ್ಳೆ, ನೀರು ಧುಮುಕೋ ಅಬ್ಬಿ ಹಿಂದಿನ ಮಡುವಿಂದು ಎರಡು."

ನಿದ್ದೆಯ ಬಣ್ಣ ಕೇಳಿದ್ದೆಯಲ್ಲ. ಹಗಲು ಎಲೆಯ ಅಡಿಯಲ್ಲಿ ಮಲಗಿರುವಾಗ ಅದರ ನೆತ್ತರೆಲ್ಲ ಹೊಟ್ಟೆಯ ಮೂಲೆಯಲ್ಲಿ ಮುದುಡಿಕೊಂಡು ಮೈ ಬರೀ ಎಲೆಯಾಗಿ ಕಾಣುತ್ತದಂತೆ. ಬೆರಳು ತಾಗಿದರೆ ನೆತ್ತರು ಹೊರಟು ಮೈಯೆಲ್ಲ ಹರಿಯುತ್ತದೆ, ಗುಂಡಿಗೆ ಬಡಿಯುವುದು ಕಾಣುತ್ತದೆ. "ಹೂವು ಮುಟ್ಟಿದ್ರೆ ಕಪ್ಪಾಗತ್ತೆ, ಕಪ್ಪೆ ಮುಟ್ಟಿದ್ರೆ ಕೆಂಪಾಗತ್ತೆ. ಎರಡನ್ನೂ ಮುಟ್ಟದೇ ಇರೋದು ಒಳ್ಳೇದು. ಇಷ್ಟೇ ಹೋಲಿಕೆ, ನಿನ್ನ ಚಿತ್ರ ಮುಗೀತು ಅಂತ ಬರಿ" ಎಂದರು.

ಆಮೇಲೆ ಇನ್ನೊಂದು ಹೇಳಿದರು. ಮೊಟ್ಟೆ ಕಾಯುವುದು ಗಂಡು ಕಪ್ಪೆ. ಮೊಟ್ಟೆ ಒಡೆಯುವವರೆಗೂ ಅದೇ ಎಲೆಯ ಮೇಲೆ ಕೂತಿರುತ್ತದೆ, ಕಣಜ ಬಂದರೂ ಕದಲುವುದಿಲ್ಲ. "ಹಂಗಾಗಿ ಹಿಡಿಯೋನಿಗೆ ಅದರಷ್ಟು ಸುಲಭದ್ದು ಇನ್ನೊಂದಿಲ್ಲ. ಇದನ್ನ ಬರೀಬೇಡ" ಎಂದರು. ನಾನು ಬರೆದಿದ್ದೇನೆ. ನೀನೇನು ಹೊರಗಿನವಳೇ.

ಹಳ್ಳದ ದಾರಿಗೆ ಈ ಸಲ ಉದ್ದಕ್ಕೂ ಹಗ್ಗ ಕಟ್ಟಿದ್ದೇವೆ. ಮಳೆಗೆ ಜಾರುತ್ತದಲ್ಲ, ಅದಕ್ಕೆ. ನಿಮ್ಮಣ್ಣ ಹೋಗುವಾಗ ನಾನೂ ಜೊತೆಗೆ ಹೋಗುತ್ತೇನೆ. ಮನೆಯಲ್ಲಿ ಒಬ್ಬಳೇ ಇದ್ದು ಏನು ಮಾಡಲಿ. ನಾವಿಬ್ಬರೂ ಚೆನ್ನಾಗಿದ್ದೇವೆ.

ನಿನ್ನ ಅತ್ತಿಗೆ
ಲಾಸ್ತೇನಿಯಾ

*

ಕ್ವಿಟೊ
ಜನವರಿ 16, 1994

ಪ್ರೀತಿಯ ಅತ್ತಿಗೆ,

ಕಾಗದವನ್ನು ಮತ್ತೆ ಮತ್ತೆ ಓದಿದೆ. ನಮ್ಮಣ್ಣ ಯಾವಾಗ ಕವಿಯಾದ? "ಕಪ್ಪೇನ ಕಣ್ಣಲ್ಲಿ ಹುಡುಕೋನು ದಡ್ಡ" ಎಂಬುದನ್ನು ಮೇಜಿನ ಮುಂದಿನ ಗೋಡೆಗೆ ಅಂಟಿಸಿಕೊಂಡಿದ್ದೇನೆ. ಮೊದಲೆಲ್ಲ ಅವನು "ಬೆರಳಿನಷ್ಟು ಉದ್ದ, ಹಸಿರು" ಎನ್ನುವುದರಾಚೆ ಒಂದು ಮಾತು ಹೆಚ್ಚಿಗೆ ಆಡುತ್ತಿರಲಿಲ್ಲ.

ಚಿತ್ರ ಮುಗಿಯಿತು. ಎಡಕ್ಕೆ ಹೂವು, ಬಲಕ್ಕೆ ಕಪ್ಪೆ, ನಡುವೆ ಕೊಳೆತ ಒಂದು ಕೊಂಬೆ. ಹೂವಿನ ಒಂದು ಎಸಳು ಮಾತ್ರ ಮುಟ್ಟಿ ಕಪ್ಪಾದಂತೆ ಬಿಡಿಸಿದೆ, ಕಪ್ಪೆಯ ಮೈಯಲ್ಲಿ ನೆತ್ತರು ಆಗತಾನೇ ಹೊರಟಂತೆ. ಎಲ್ಲರಿಗೂ ಹಿಡಿಸಿದೆ. ಮುದ್ರಣಾಲಯದವರು ಅದನ್ನು ಇನ್ನೊಂದಕ್ಕೂ ಬಳಸಿಕೊಂಡಿದ್ದಾರೆ. ಅದನ್ನು ನಾನು ಬಂದಾಗ ತೋರಿಸುತ್ತೇನೆ, ಈಗ ಬೇಡ.

ಚಿತ್ರ ನೋಡಿದ ಒಬ್ಬರು, ಸೆನ್ಯೋರ್ ಅರೆಯಾನೊ ಎಂದು, ನನ್ನನ್ನು ಹುಡುಕಿಕೊಂಡು ಬಂದಿದ್ದರು. ಎಡ ಹುಬ್ಬು ಸೀಳಿದ ಹಳೆಯ ಗಾಯ, ನೋಡಲು ಒರಟು, ಮಾತು ಮಾತ್ರ ಬೆಣ್ಣೆ. ಕಾಫಿಗೆ ಕರೆದರು, ಮತ್ತೆ ಇನ್ನೊಮ್ಮೆ ಕರೆದರು. ನಮ್ಮ ಮುದಿ ಕುದುರೆ ಪಲೋಮಾ ಸೇತುವೆಯ ಮೇಲೆ ಹಠ ಹಿಡಿದು ನಿಂತು ಪಾದ್ರಿಯನ್ನು ಅರ್ಧ ದಿನ ಕಾಯಿಸಿದ ಕಥೆ ಕೇಳಿ ಕಣ್ಣೊರೆಸಿಕೊಂಡು ನಕ್ಕರು. ಊರಿನ ಮಾತು ಬಾಯಿ ತುಂಬ ಆಡಿ ಎಷ್ಟು ಕಾಲವಾಗಿತ್ತು. ನನಗೂ ನಲವತ್ತಾಯಿತು ಅತ್ತಿಗೆ, ಹಾಗೆ ಎದುರಿಗೆ ಕೂತು ಕೇಳುವವರು ಎಷ್ಟು ಜನ ಸಿಗುತ್ತಾರೆ. ಆಮೇಲೆ ಅವರು ಬರಲೇ ಇಲ್ಲ. ಹೋಗಲಿ.

ಅಣ್ಣನಿಗೆ ಉಣ್ಣೆಯ ಅಂಗಿ ಕಳಿಸಿದ್ದೇನೆ. ಹಾಕಿಕೊಳ್ಳಲು ಹೇಳಿ, ಪೆಟ್ಟಿಗೆಯಲ್ಲಿಟ್ಟು ಕಾಯುವುದು ಬೇಡ.

ಎಲೊದಿಯಾ

*

ಎಲ್ ಗ್ವಾರುಮೊ
ಫೆಬ್ರವರಿ 8, 1994

ಪ್ರೀತಿಯ ಎಲೊದಿಯಾ,

ಅಂಗಿ ಬಂತು, ಹಾಕಿಕೊಂಡಿದ್ದಾರೆ. ಅದಕ್ಕಿಂತ ಮುಖ್ಯ, ನೀನು ಕಳಿಸಿದ ಡಾಕ್ಟರ್ ಬೆರ್ಮೆಯೊ ಬಂದು ತಲುಪಿದರು. ನಿನ್ನ ಋಣ ಹೇಗೆ ತೀರಿಸಬೇಕೋ ಗೊತ್ತಿಲ್ಲ. ಆ ವಿಷಯ ನಾನು ನಿನಗೆ ಬರೆಯಬಾರದೆಂದು ನಿಮ್ಮಣ್ಣ ಆಣೆ ಹಾಕಿಸಿದ್ದರು. ನೀನಾಗಿಯೇ ತಿಳಿದುಕೊಂಡು ಏರ್ಪಾಡು ಮಾಡಿದೆಯಲ್ಲ. ಇದಕ್ಕಿಂತ ಹೆಚ್ಚು ಬರೆದರೆ ಅವರಿಗೆ ಕೋಪ ಬರುತ್ತದೆ, ಇಲ್ಲಿಗೇ ನಿಲ್ಲಿಸುತ್ತೇನೆ.

ಡಾಕ್ಟರು ಅಂಗಳಕ್ಕೆ ಕಾಲಿಡುತ್ತಲೇ, "ಪಾದ್ರೀನ ಕಾಯಿಸಿದ ಪಲೋಮಾ ಇವಳೇನಾ?" ಎಂದು ಕುದುರೆಯ ಕುತ್ತಿಗೆ ತಟ್ಟಿದರು. ನಮಗೆ ಆಗಲೇ ಅವರು ಹೊಸಬರು ಅನ್ನಿಸಲಿಲ್ಲ. ಹುಬ್ಬಿನ ಮೇಲಿನ ಗಾಯ ನೋಡಿ ನಾನು ಮೊದಲು ಹೆದರಿದ್ದು ನಿಜ. ಊಟಕ್ಕೆ ಕೂತಾಗ ನಿಮ್ಮಣ್ಣ, "ಡಾಕ್ಟ್ರೇ, ನಮ್ಮ ಎಲೊದಿಯಾ ನಿಮಗೆ ಎಷ್ಟು ತಲೆ ತಿಂದ್ಲು?" ಎಂದರು. "ನಿಮ್ ತಂಗಿ ಬಂಗಾರ ಕಣ್ರೀ. ಅವರ ಮಾತು ಕೇಳಿನೇ ನಾನು ಬಂದಿದ್ದು" ಎಂದರು.

ಜೋಳ ಒಣಗಿಸುವ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟಿದ್ದೇವೆ. ಪಾಚಿ ತುಂಬಿದ ಪೆಟ್ಟಿಗೆಗಳನ್ನು ತಂದಿದ್ದಾರೆ, ಔಷಧಿ ಗಿಡ ಒಯ್ಯಲಂತೆ. ಹಳ್ಳದ ಮೇಲೂ ಆಸೆ ಬಹಳ. ನಿಮ್ಮಣ್ಣ ಸಂಜೆ ಕರೆದುಕೊಂಡು ಹೋಗಿ ಯಾವ ಎಲೆಯ ಅಡಿಯಿಂದ ಸಿಳ್ಳೆ ಬರುತ್ತದೆಂದು ತೋರಿಸುತ್ತಾರೆ. ವಾರಕ್ಕೊಮ್ಮೆ ಪೇಟೆಗೆ, ಸಾನ್ ಲೂಕಾಸ್‌ಗೆ, ಇಳಿಯುವುದರಿಂದ ಅಂಚೆಯ ಕೆಲಸವನ್ನೂ ಅವರೇ ವಹಿಸಿಕೊಂಡಿದ್ದಾರೆ. ಈ ಕಾಗದ ಬರೆದು ಮುಗಿಯುವಷ್ಟರಲ್ಲಿ ಎಫ್ರಾಯಿನ್ ಲಾರಿ ಬಂತು, ಇದೊಂದನ್ನು ಅವನ ಕೈಯಲ್ಲೇ ಕಳಿಸುತ್ತಿದ್ದೇನೆ.

ನಿನ್ನ
ಲಾಸ್ತೇನಿಯಾ

*

ಕ್ವಿಟೊ
ಫೆಬ್ರವರಿ 22, 1994

ಅತ್ತಿಗೆ,

ಯಾವ ಡಾಕ್ಟರು? ನಾನು ಯಾರನ್ನೂ ಕಳಿಸಿಲ್ಲ. ಯಾವ ಏರ್ಪಾಡೂ ಮಾಡಿಲ್ಲ. ನೀವು ಯಾವುದಕ್ಕೆ ಋಣ ಎಂದು ಬರೆದಿರೋ ನನಗೆ ಅರ್ಥವೇ ಆಗಲಿಲ್ಲ. ಮೊದಲು ಉಣ್ಣೆಯ ಅಂಗಿಗೆ ಇರಬೇಕು ಅಂದುಕೊಂಡೆ.

ಪಲೋಮಾಳ ಕಥೆ, ಸೀಳಿದ ಹುಬ್ಬು. ಅವನು ಡಾಕ್ಟರಲ್ಲ. ನನಗೆ ಅರೆಯಾನೊ ಎಂದು ಹೇಳಿಕೊಂಡವನೇ ಅವನು. ಸಂಗ್ರಹಾಲಯದಲ್ಲಿ ವಿಚಾರಿಸಿದೆ. ಗಾಜಿನ ಕಪ್ಪೆಗಳನ್ನು ಜೀವಂತ ಹಿಡಿದು ವಿಮಾನದಲ್ಲಿ ಹೊರದೇಶಕ್ಕೆ ಕಳಿಸುವವರ ಗುಂಪೊಂದು ಇದೆಯಂತೆ. ಅಲ್ಲಿ ಶ್ರೀಮಂತರು ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಾರಂತೆ. ಕಳೆದ ವರ್ಷ ಬೇರೊಂದು ಕಣಿವೆಯಲ್ಲಿ ಇದೇ ಆಗಿದೆ. ಅಲ್ಲಿನ ಕಾವಲುಗಾರ ಅಡ್ಡ ಬಂದದ್ದಕ್ಕೆ ಅವನ ಮನೆಗೆ ಬೆಂಕಿ ಬಿತ್ತು.

ಅವನನ್ನು ಹಳ್ಳಕ್ಕೆ ಕರೆದೊಯ್ಯಬೇಡಿ. ಜಗಳವನ್ನೂ ಆಡಬೇಡಿ. ಈ ಕಾಗದ ಸಿಕ್ಕಿದ ಕೂಡಲೇ ಒಂದು ಸಾಲು ಬರೆಯಿರಿ.

ಎಲೊದಿಯಾ

*

ಎಲ್ ಗ್ವಾರುಮೊ
ಮಾರ್ಚ್ 13, 1994

ಪ್ರೀತಿಯ ಎಲೊದಿಯಾ,

ನಿನ್ನಿಂದ ಕಾಗದವೇ ಇಲ್ಲ. ಕ್ವಿಟೊದಲ್ಲಿ ಅಂಚೆಯವರು ಮುಷ್ಕರ ಹೂಡಿದ್ದಾರೆಂದು ಡಾಕ್ಟರು ಹೇಳಿದರು. ಆದರೂ ನೀನು ಪೇಟೆಯ ಫೋನಿನಲ್ಲಿ ಅವರ ಜೊತೆ ಮಾತಾಡಿದೆಯಂತೆ, ಈಸ್ಟರ್ ಕಳೆದ ಮೇಲೆ ಎಲ್ಲ ಗೊತ್ತುಮಾಡಿದ್ದೀಯಂತೆ. ಕೇಳಿ ಸಮಾಧಾನವಾಯಿತು. ಅಲ್ಲಿಯವರೆಗೆ ಎಂದು ಒಂದು ಸೀಸೆ ಕೊಟ್ಟಿದ್ದಾರೆ, ದಿನಾ ಹಾಕುತ್ತೇನೆ. ಗುಣವೇನೂ ಕಾಣುತ್ತಿಲ್ಲ. ನಿಧಾನವಾಗಿ ಆಗುತ್ತದೆ ಎನ್ನುತ್ತಾರೆ.

ಒಂದು ವಿಷಯ ಮಾತ್ರ. ಕೆಳಗಿನ ಮಡುವಿನಲ್ಲಿ ಸಿಳ್ಳೆ ನಿಂತುಹೋಗಿದೆ. ನಿಮ್ಮಣ್ಣ ಕಲ್ಲಿನ ಮೇಲೆ ಬಹಳ ಹೊತ್ತು ಕೂತಿದ್ದು, "ಲಾಸ್ತೇನಿಯಾ, ನಂಗೆ ಕಿವೀನೂ ಹೋಯ್ತಾ?" ಎಂದು ಕೇಳಿದರು. ನಾನೂ ಕಿವಿಗೊಟ್ಟೆ. ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ಮೊಟ್ಟೆಗಳು ಎಲೆಯ ಮೇಲೆ ಹಾಗೇ ಇದ್ದವು, ಕಾಯುವ ಗಂಡು ಇರಲಿಲ್ಲ. ಕಣಜಗಳು ಮುತ್ತಿದ್ದವು. ಡಾಕ್ಟರು, "ಈ ವರ್ಷ ಚಳಿ ಜಾಸ್ತಿ ಅಲ್ವಾ" ಎಂದರು. ನನಗೇನೂ ಚಳಿ ಜಾಸ್ತಿ ಅನ್ನಿಸಿಲ್ಲ.

ಸತ್ತವರ ಮೇಣದಬತ್ತಿ ಮಾತ್ರ ಈ ವರ್ಷ ದಂಡಿಯಾಗಿ ಎದ್ದಿದೆ, ಹಳ್ಳದ ದಡವೆಲ್ಲ ಬೆಳ್ಳಗೆ. ಡಾಕ್ಟರು ಒಂದನ್ನು ಬೇರುಸಹಿತ ಕಿತ್ತರು. ಮನೆ ಮುಟ್ಟುವ ಮೊದಲೇ ಅದು ಅವರ ಕೈಯಲ್ಲಿ ಕಪ್ಪಾಗಿ ಲೋಳೆಯಾಯಿತು. "ಇದು ಯಾವ ಕೆಲಸಕ್ಕೂ ಬರಲ್ಲ" ಎಂದು ಎಸೆದು ಕೈಯನ್ನು ಪಲೋಮಾಳ ಮೈಗೆ ಒರೆಸಿದರು. ನಿಮ್ಮಣ್ಣ ನಗುತ್ತ, "ಅದು ಬುದ್ಧಿವಂತ ಹೂವು ಡಾಕ್ಟ್ರೇ. ತಗೊಂಡು ಹೋಗೋನ ಕೈಯಲ್ಲೇ ಸಾಯತ್ತೆ. ಕಪ್ಪೆಗೆ ಅಷ್ಟು ಬುದ್ಧಿ ಇಲ್ಲ" ಎಂದರು. ಡಾಕ್ಟರು ನಗಲಿಲ್ಲ.

ಈ ಕಾಗದ ಅಂಟಿಸುವ ಕೆಲಸವನ್ನೂ ತಾವೇ ಮಾಡುತ್ತೇನೆ ಎಂದರು. ಬೇಡ ಎಂದು ನಾನೇ ಅಂಟಿಸಿದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ. ಈ ಸಲವೂ ಎಫ್ರಾಯಿನ್ ಕೈಗೇ ಕೊಡುತ್ತಿದ್ದೇನೆ.

ಲಾಸ್ತೇನಿಯಾ

*

ಕ್ವಿಟೊ
ಮಾರ್ಚ್ 27, 1994

ಅತ್ತಿಗೆ,

ಇದನ್ನು ಎಫ್ರಾಯಿನ್ ಕೈಯಲ್ಲೇ ಕೊಡುತ್ತಿದ್ದೇನೆ. ಚೀಸ್ ಮಾರಲು ಇಲ್ಲಿನ ಸಂತೆಗೆ ಬಂದವನು ನಿಮ್ಮ ಕಾಗದ ತಂದುಕೊಟ್ಟ. ನಿಮ್ಮ ಕೈಗೇ ಕೊಡಬೇಕು, ಬೇರೆ ಯಾರ ಕೈಗೂ ಕೂಡದು ಎಂದು ಹೇಳಿದ್ದೇನೆ.

ಅಂಚೆಯ ಮುಷ್ಕರ ಇಲ್ಲ. ನಾನು ಯಾರ ಹತ್ತಿರವೂ ಫೋನಿನಲ್ಲಿ ಮಾತಾಡಿಲ್ಲ. ಹೋದ ತಿಂಗಳು ಬರೆದ ಕಾಗದ ನಿಮಗೆ ಸಿಕ್ಕಿಲ್ಲವೆಂದರೆ ಅದು ಅವನ ಕೈಗೆ ಸಿಕ್ಕಿದೆ. ಅವನು ಡಾಕ್ಟರಲ್ಲ, ಕಪ್ಪೆ ಹಿಡಿದು ಮಾರುವವನು. ಕೆಳಗಿನ ಮಡು ಯಾಕೆ ಸುಮ್ಮನಾಯಿತೆಂದು ಇನ್ನು ನಾನು ಹೇಳಬೇಕಾಗಿಲ್ಲ.

ಎಫ್ರಾಯಿನ್ ಹತ್ತಿರ, "ಸೀಸೆ ಅಂತ ಬರೆದಿದ್ದಾರೆ, ಅಣ್ಣನಿಗೆ ಏನಾಗಿದೆ?" ಎಂದು ಕೇಳಿದೆ. "ನಿಮಗೆ ಗೊತ್ತಿಲ್ವಾ ಎಲೊದಿಯಾ? ನೆಕ್ತಾರಿಯೊಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಬೆಳಕು ಕತ್ತಲೆ ಬಿಟ್ರೆ ಏನೂ ಕಾಣಲ್ಲ" ಎಂದ. ಮನೆಗೆ ಬಂದು ನಿಮ್ಮ ಡಿಸೆಂಬರಿನ ಕಾಗದವನ್ನು ಮತ್ತೆ ಓದಿದೆ. ಅಣ್ಣ ಹೂವಿನ ಬಿಳುಪು, ಕಪ್ಪೆಯ ಸಿಳ್ಳೆ ಎಂದಾಗ ಕವಿಯಾಗಿದ್ದಾನೆ ಎಂದು ನಕ್ಕೆನಲ್ಲ. ನೀವು ನನಗೆ ಯಾಕೆ ಹೇಳಲಿಲ್ಲ ಅತ್ತಿಗೆ?

ಕಣ್ಣಿನ ವಿಷಯವನ್ನು ಆ ಮನುಷ್ಯ ಪೇಟೆಯಲ್ಲಿ ವಿಚಾರಿಸಿ ತಿಳಿದುಕೊಂಡಿರಬೇಕು. ನಮ್ಮ ಹಳ್ಳವನ್ನು ಹೇಗೆ ಪತ್ತೆ ಮಾಡಿದನೋ ನನಗೆ ತಿಳಿಯದು. ಅಣ್ಣ ಕಾಣದ ಕಣ್ಣಿನಲ್ಲಿ ಅವನ ಜೊತೆ ಅಬ್ಬಿಯ ಹತ್ತಿರ ಹೋಗುವುದು ಬೇಡ. ಅಣ್ಣನನ್ನು ಒಬ್ಬನೇ ಬಿಡಬೇಡಿ.

ಎಲೊದಿಯಾ

*

ಎಲ್ ಗ್ವಾರುಮೊ
ಏಪ್ರಿಲ್ 6, 1994

ಎಲೊದಿಯಾ,

ನಿನ್ನ ಕಾಗದ ಪವಿತ್ರ ಗುರುವಾರ ತಲುಪಿತು. ಡಾಕ್ಟರು ಪೇಟೆಗೆ ಹೋಗಿದ್ದರು. ನಾನು ಹಬ್ಬದ ಕಾಳಿನ ಸಾರಿಗೆ ಕುಂಬಳಕಾಯಿ ಹೆಚ್ಚುತ್ತಿದ್ದವಳು ಹಾಗೇ ನಿಂತು ನಿಮ್ಮಣ್ಣನಿಗೆ ಓದಿ ಹೇಳಿದೆ. ಅವರು ಕೇಳುತ್ತ ಕಾಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಮುಗಿದ ಮೇಲೆ, "ಕಣ್ಣು ಆಪರೇಷನ್ ಅಂದಿದ್ದೂ ಸುಳ್ಳಾ?" ಎಂದು ಮಾತ್ರ ಕೇಳಿದರು. ಹೌದೆಂದೆ. "ಸರಿ, ಅವನಿಗೆ ಏನೂ ಗೊತ್ತು ಮಾಡ್ಬೇಡ" ಎಂದರು.

ಸಂಜೆ ಡಾಕ್ಟರು ಬಂದು ಊಟಕ್ಕೆ ಕೂತರು. ಸಾರು ಚೆನ್ನಾಗಿದೆ ಎಂದು ಇನ್ನೊಮ್ಮೆ ಹಾಕಿಸಿಕೊಂಡರು. ನಿಮ್ಮಣ್ಣ ಎಂದಿನ ಹಾಗೇ ಇದ್ದರು.

"ಡಾಕ್ಟ್ರೇ, ಅಬ್ಬಿ ಹಿಂದಿನ ಮಡು ನಿಮಗೆ ತೋರ್ಸೇ ಇಲ್ಲ ಅಲ್ವಾ."

"ಅಲ್ಲಿಗೆ ದಾರಿ ಇದೆಯೇನ್ರೀ?"

"ಕಲ್ಲಿನ ಅಂಚು ಇದೆ. ನಂಗೆ ಕಾಲಲ್ಲೇ ಗೊತ್ತು. ಇಡೀ ಹಳ್ಳದಲ್ಲಿ ಇರದಷ್ಟು ಕಪ್ಪೆ ಅಲ್ಲಿದಾವೆ. ನಾಳೆ ಬೆಳಿಗ್ಗೆ ಬನ್ನಿ, ಹಗಲು ಮಲಗಿರ್ತವೆ, ಎಲೆ ತಿರುಗಿಸಿದ್ರೆ ಸಾಕು."

"ನಾಳೆ ಶುಭ ಶುಕ್ರವಾರ. ಹಬ್ಬದ ದಿನ ನಿಮಗೆ ತೊಂದರೆ ಯಾಕೆ?"

"ನಂಗೇನು ತೊಂದರೆ. ಎಲೊದಿಯಾ ಕಳಿಸಿದೋರಿಗೆ ಇಷ್ಟೂ ಮಾಡ್ದಿದ್ರೆ ಹೆಂಗೆ."

ಬೆಳಿಗ್ಗೆ ಇಬ್ಬರೂ ಹೊರಟರು. ನಾನೂ ಬರುತ್ತೇನೆಂದರೆ ನಿಮ್ಮಣ್ಣ ಬಿಡಲಿಲ್ಲ. ಡಾಕ್ಟರ ಕೋಣೆಯನ್ನು ಹುಡುಕಿ ನೋಡು ಎಂದರು. ನೋಡಿದೆ. ಪೆಟ್ಟಿಗೆಗಳಲ್ಲಿ ಔಷಧಿ ಗಿಡ ಇರಲಿಲ್ಲ. ಪ್ಲಾಸ್ಟಿಕ್ ಲೋಟಗಳಲ್ಲಿ ಒದ್ದೆ ಹತ್ತಿ, ಒಂದೊಂದರಲ್ಲಿ ಒಂದೊಂದು ಕಪ್ಪೆ. ಕೆಲವು ಬೆಳ್ಳಗೆ ಸತ್ತಿದ್ದವು. ಉಸಿರಿದ್ದವನ್ನು ಮಡಿಲಿನಲ್ಲಿ ಕಟ್ಟಿಕೊಂಡು ಹೋಗಿ ಕೆಳಗಿನ ಮಡುವಿನ ಹತ್ತಿರ ಎಲೆಗಳ ಮೇಲೆ ಬಿಟ್ಟೆ. ಬೆರಳಿಗೆ ತಾಗಿದಾಗ ಒಂದರ ಮೈಯಲ್ಲಿ ನೆತ್ತರು ಹರಿದದ್ದನ್ನು ಕಂಡೆ. ಇಷ್ಟು ವರ್ಷ ಅವರು ಹೇಳಿದ್ದನ್ನು ಕೇಳಿದ್ದೆನೇ ಹೊರತು ಕಂಡಿರಲಿಲ್ಲ.

ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ಕ್ಯಾಲೆಂಡರಿನ ಹಾಳೆ ಅಂಟಿಸಿತ್ತು. ಎಡಕ್ಕೆ ಹೂವು, ಬಲಕ್ಕೆ ಕಪ್ಪೆ. ಕೆಳಗೆ ಅಚ್ಚಾಗಿತ್ತು: ಚಂಬೂರೊ ಹಳ್ಳ, ಎಲ್ ಗ್ವಾರುಮೊ. ಅದರ ಪಕ್ಕದಲ್ಲಿ ನಿನ್ನ ಹೆಸರು.

ನಿಮ್ಮಣ್ಣ ಮಧ್ಯಾಹ್ನದ ಮೇಲೆ ಹಗ್ಗ ಹಿಡಿದುಕೊಂಡು ಒಬ್ಬರೇ ಬಂದರು. ಡಾಕ್ಟರು ಗುಡ್ಡದ ನೆತ್ತಿಯ ದಾರಿ ಹಿಡಿದು ಆಚೆ ಊರಿಗೆ ಹೋದರು ಎಂದರು. ಚೀಲ ಬಿಟ್ಟುಹೋಗಿದ್ದಾರಲ್ಲ ಎಂದೆ. "ಒಲೆಗೆ ಹಾಕು" ಎಂದರು. ಹಾಕಿದೆ, ಪೆಟ್ಟಿಗೆಗಳನ್ನೂ ಹಾಕಿದೆ.

ಲಾಸ್ತೇನಿಯಾ

*

ಕ್ವಿಟೊ
ಮೇ 2, 1994

ಪ್ರೀತಿಯ ಅತ್ತಿಗೆ,

ಅವನು ಹೋದನೆಂದು ಓದಿ ನಾನು ಅತ್ತುಬಿಟ್ಟೆ. ಗುಟ್ಟು ಬಯಲಾದದ್ದು ತಿಳಿದು ಹೆದರಿ ಓಡಿರುತ್ತಾನೆ, ಚೀಲ ತೆಗೆದುಕೊಳ್ಳಲೂ ನಿಲ್ಲದೆ. ಅಣ್ಣ ಅವನನ್ನು ಮಾತಿನಲ್ಲೇ ಓಡಿಸಿರಬೇಕು. ನಮ್ಮಪ್ಪನೂ ಹಾಗೇ, ದನಿ ಎತ್ತುತ್ತಲೇ ಇರಲಿಲ್ಲ.

ಕ್ಯಾಲೆಂಡರಿನ ಬಗ್ಗೆ ಏನು ಹೇಳಲಿ. ಜಾಗದ ಹೆಸರಿಲ್ಲದೆ ಅಚ್ಚು ಹಾಕುವುದಿಲ್ಲವೆಂದರು. ಬರೆದುಕೊಡುವಾಗ, ಯಾರು ನೋಡುತ್ತಾರೆ, ಗೋಡೆಯ ಮೇಲೆ ಒಂದು ತಿಂಗಳಿದ್ದು ಹೋಗುತ್ತದೆ ಅಂದುಕೊಂಡೆ. ನನ್ನ ಹೆಸರನ್ನು ಅಚ್ಚಿನಲ್ಲಿ ನೋಡುವ ಆಸೆಯೂ ಇತ್ತು.

ಈಗ ಒಳ್ಳೆಯ ಸುದ್ದಿ. ಇಲ್ಲಿನ ಕಣ್ಣಿನ ಆಸ್ಪತ್ರೆಯಲ್ಲಿ ನಿಜವಾದ ಡಾಕ್ಟರನ್ನು ಕಂಡು ಬಂದೆ. ಪೊರೆ ತೆಗೆದರೆ ಅಣ್ಣನಿಗೆ ಮೊದಲಿನಂತೆ ಕಾಣುತ್ತದಂತೆ. ಜುಲೈಯಲ್ಲಿ ದಿನ ಗೊತ್ತುಮಾಡಿದ್ದಾರೆ. ಎಫ್ರಾಯಿನ್ ಲಾರಿಯಲ್ಲೇ ಕರೆತರಲಿ, ನನ್ನ ಕೋಣೆಯಲ್ಲಿ ಇಬ್ಬರೂ ಇರಬಹುದು.

ಇನ್ನೊಂದು ಸಣ್ಣ ವಿಷಯ. ಮೊನ್ನೆ ಇಬ್ಬರು ಬಂದಿದ್ದರು. ಆ ಅರೆಯಾನೊನ ಅಣ್ಣತಮ್ಮಂದಿರಂತೆ. ಅವನು ಮನೆಗೆ ಬಂದಿಲ್ಲ, ತಾಯಿ ಊಟ ಬಿಟ್ಟಿದ್ದಾಳೆ ಎಂದರು. ನನಗೇಕೆ ಅವನ ಗೊಡವೆ ಎಂದು ತೊಲಗಿಸಲು ನೋಡಿದೆ, ಹೋಗಲಿಲ್ಲ. ಗುಡ್ಡದ ನೆತ್ತಿಯ ದಾರಿಯಲ್ಲಿ ಹೋದ, ಕೊನೆಗೆ ನೋಡಿದವನು ನಮ್ಮಣ್ಣ, ಬೇಕಿದ್ದರೆ ಅವನನ್ನೇ ಕೇಳಿ ಎಂದೆ. ಬಂದರೆ ಅಣ್ಣ ಹೇಳಿ ಕಳಿಸಲಿ.

ನಿಮ್ಮ
ಎಲೊದಿಯಾ

*

ಎಲ್ ಗ್ವಾರುಮೊ
ಜೂನ್ 19, 1994

ಎಲೊದಿಯಾ ಅವರಿಗೆ,

ಈ ಕಾಗದ ಓದಿದ ಮೇಲೆ ಸುಟ್ಟುಬಿಡಿ. ನೀವು ಬಾಯಿ ಮುಚ್ಚಿಕೊಂಡಿರಬೇಕಾದರೆ ನಿಮಗೆ ನಿಜ ಗೊತ್ತಿರಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಅವನು ಗುಡ್ಡದ ನೆತ್ತಿಯ ದಾರಿಯಲ್ಲಿ ಹೋಗಲಿಲ್ಲ. ಎಲ್ಲಿಗೂ ಹೋಗಲಿಲ್ಲ.

ನಾನು ಕೇಳಿರಲಿಲ್ಲ. ಒಂದು ದಿನ ಕಾಫಿ ಕುಡಿಯುತ್ತ ನಿಮ್ಮಣ್ಣನೇ ಹೇಳಿದರು. "ಅಬ್ಬಿ ಹಿಂದೆ ಅಂಚಲ್ಲಿ ಹೋಗ್ತಾ ನಡುವೆ ಒಂದು ಕಲ್ಲು ಕಳಚಿಹೋಗಿದೆ, ಲಾಸ್ತೇನಿಯಾ. ಮೇಲೆ ಜರೀಗಿಡ ಬೆಳ್ದು ಮುಚ್ಕೊಂಡಿದೆ, ಕಣ್ಣಿರೋರಿಗೆ ಕಾಣಲ್ಲ. ನಾನು ಕಾಲಲ್ಲಿ ತಡವಿ ದಾಟ್ದೆ. ಅವನು ಪೆಟ್ಟಿಗೆ ಎದೆಗೆ ಹಿಡ್ಕೊಂಡು ಹಿಂದೆ ಬರ್ತಿದ್ದ, ಮನೇಗೆ ವಾಪಸ್ ಹೋದ್ಮೇಲೆ ಏನೇನು ಮಾಡ್ತೀನಿ ಅಂತ ಹೇಳ್ತಾ ಇದ್ದ. ಕಲ್ಲು ಇಲ್ಲ ಅಂತ ನಾ ಹೇಳ್ಲಿಲ್ಲ." ಲೋಟ ಕೆಳಗಿಟ್ಟು, "ನಾನು ಮುಟ್ಲಿಲ್ಲ ಅವನನ್ನ. ಹೇಳ್ಲಿಲ್ಲ ಅಷ್ಟೇ" ಎಂದರು. ನಾನು ಇನ್ನೊಂದು ಲೋಟ ಕಾಫಿ ಬಗ್ಗಿಸಿದೆ.

ನೀವು ಕಳಿಸಿದ ಇಬ್ಬರು ಮಂಗಳವಾರ ಬಂದಿದ್ದರು. ಅವರು ಅಣ್ಣತಮ್ಮಂದಿರಲ್ಲ. ತಾಯಿಯ ಮಾತೇ ಎತ್ತಲಿಲ್ಲ, ಪೆಟ್ಟಿಗೆಗಳು ಎಲ್ಲಿ ಎಂದು ಕೇಳಿದರು. ಮನೆ ಪೂರ್ತಿ ಜಾಲಾಡಿದರು, ಒಲೆಯ ಬೂದಿಯನ್ನೂ ಕೋಲಿನಲ್ಲಿ ಕೆದಕಿದರು. ಬೂದಿಯಲ್ಲಿ ಚೀಲದ ಬಕಲ್ಲು ಸಿಕ್ಕಿತು. ಒಬ್ಬ ಅದನ್ನು ಜೇಬಿಗೆ ಹಾಕಿಕೊಂಡ. ಇನ್ನೊಬ್ಬ ನಿಮ್ಮಣ್ಣನ ಮುಖದ ಮುಂದೆ ಕೈ ಆಡಿಸಿ ನೋಡಿ, "ಇವನಿಗೆ ಕಾಣಲ್ವಲ್ಲೋ, ಇವನೇನು ಮಾಡ್ತಾನೆ" ಎಂದ. ಹೋಗುವಾಗ ಮಳೆ ನಿಂತ ಮೇಲೆ ಮತ್ತೆ ಬರುತ್ತೇವೆ, ಹಳ್ಳದಲ್ಲಿ ನೀರು ಇಳಿದಿರುತ್ತದೆ ಎಂದರು. ನೀರು ಇಳಿಯುತ್ತಿದೆ. ಎಫ್ರಾಯಿನ್ ತನ್ನ ಬಂದೂಕನ್ನು ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದಾನೆ. ಅದನ್ನು ಹಾರಿಸಲು ನನಗೆ ಬರುವುದಿಲ್ಲ.

ಇನ್ನು ಮುಂದೆ ನಿಮ್ಮನ್ನು ಯಾರು ಕೇಳಿದರೂ ನಿಮಗೆ ಅಣ್ಣನಿಲ್ಲ, ಊರಿಲ್ಲ. ಈ ವರ್ಷ ಇಲ್ಲಿಗೆ ಬರಬೇಡಿ.

ಕ್ಯಾಲೆಂಡರಿನ ವಿಷಯ ನಿಮ್ಮಣ್ಣನಿಗೆ ನಾನು ಹೇಳಿಲ್ಲ, ಹಾಳೆಯನ್ನೂ ಚೀಲದ ಜೊತೆಗೇ ಸುಟ್ಟೆ. ಅವನು ಜಾಗ ಹೇಗೆ ಕಂಡುಹಿಡಿದನೋ ಎಂದು ಅವರು ಈಗಲೂ ಯೋಚಿಸುತ್ತಾರೆ. "ಎಲೊದಿಯಾ ಅಂತೂ ಹೇಳಿರಲ್ಲ. ಅವಳು ಮಾತು ಕೊಟ್ಟಿದ್ಲು" ಎನ್ನುತ್ತಾರೆ. ನಾನು ಹೌದು ಎನ್ನುತ್ತೇನೆ.

ಆಸ್ಪತ್ರೆಯ ದಿನವನ್ನು ಬಿಟ್ಟುಕೊಡಿ. ಪೊರೆ ತೆಗೆದರೆ ಮೊದಲಿನಂತೆ ಕಾಣುತ್ತದೆಂದು ನೀವು ಬರೆದದ್ದನ್ನು ಓದಿ ಹೇಳಿದೆ. ಒಪ್ಪಲಿಲ್ಲ. ಬೇಡಿಕೊಂಡೆ, ಅತ್ತೂ ನೋಡಿದೆ. "ಕಣ್ಣು ಬಂದ್ರೆ ಮೊದ್ಲು ಆ ಮಡು ನೋಡ್ಬೇಕಾಗತ್ತೆ, ಲಾಸ್ತೇನಿಯಾ. ನೀರು ಬೇರೆ ಇಳೀತಾ ಇದೆ. ನಂಗೆ ಬೇಡ" ಎಂದರು.

ಲಾಸ್ತೇನಿಯಾ